‘ವೇಗ್ಲಿ’ ಅಂದ್ರೆ ಬೇಗ ಅಲ್ಲ

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ವಕೀಲರು ಕೊಡುವ ಇಂಗ್ಲಿಷ್ ಕಾಗದಗಳನ್ನು ಕನ್ನಡ ಮಾಡಿ ಟೈಪ್ ಮಾಡಿಕೊಡುವುದೂ ಉಂಟು. ಹೋದ ತಿಂಗಳು ಒಂದು ಜಮೀನಿನ ದಾವೆಯಲ್ಲಿ ‘ವಾದಿಯು ವೇಗ್ಲಿ ಹೇಳಿದ್ದಾರೆ’ ಎಂಬಂಥ ಸಾಲು ಬಂತು. ನಾನು ‘ವಾದಿಯು ವೇಗವಾಗಿ ಹೇಳಿದ್ದಾರೆ’ ಎಂದು ಟೈಪ್ ಮಾಡಿಬಿಟ್ಟೆ. ವಕೀಲರು ಓದಿ ನಕ್ಕು, ‘ಅಸ್ಪಷ್ಟವಾಗಿ’ ಎಂದು ತಿದ್ದಿದರು. ಅದೇ ವಾರ ಮಗಳ ಪಾಠದಲ್ಲಿ ಒಬ್ಬರ ಮುಖ ‘ವೇಗ್ಲಿ ಫೆಮಿಲಿಯರ್’ ಎಂದು ಬಂತು. ಅಲ್ಲಿ ‘ಅಸ್ಪಷ್ಟವಾಗಿ ಪರಿಚಿತ’ ಅಂದರೆ ಮಗಳೂ ನಕ್ಕಳು. ಈ ಪದದ ಅಸಲಿ ಅರ್ಥ ಏನು, ಎಲ್ಲಿಂದ ಬಂತು? ನಮ್ಮ ‘ವೇಗ’ಕ್ಕೂ ಅದಕ್ಕೂ ನಂಟಿದೆಯಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನಮ್ಮ. ನಂಟಿಲ್ಲ. ಆದರೆ ನೀವು ಎಡವಿದ ಕಲ್ಲಿಗೆ ಎಡವಿದವರು ಬಹಳ ಜನ. ಚಿತ್ರದುರ್ಗದಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿದವನು ನಾನು. ಎರಡು ಮೂರು ವರ್ಷಕ್ಕೊಬ್ಬರಾದರೂ ಉತ್ತರಪತ್ರಿಕೆಯಲ್ಲಿ ಇದನ್ನೇ ಬರೆಯುತ್ತಿದ್ದರು. ಒಬ್ಬ ಹುಡುಗನಂತೂ ‘ಅವಳು ವೇಗ್ಲಿ ನಕ್ಕಳು’ ಎಂಬುದನ್ನು ‘ಅವಳು ಸ್ಪೀಡಾಗಿ ನಕ್ಕಳು’ ಎಂದು ಬರೆದಿದ್ದ. ನಗಿಸಿದ್ದಕ್ಕೆ ಅರ್ಧ ಮಾರ್ಕ್ಸ್ ಕೊಟ್ಟೆ.

ನಮ್ಮ ‘ವೇಗ’ ಸಂಸ್ಕೃತದ ‘ವಿಜ್’ ಎಂಬ ಧಾತುವಿನಿಂದ ಬಂದದ್ದು. ಹೆದರಿ ನಡುಗುವುದು, ಬೆಚ್ಚಿ ಅಲುಗುವುದು ಅದರ ಮೂಲ ಅರ್ಥ. ಉದ್ವೇಗ, ಆವೇಗ, ಉದ್ವಿಗ್ನ ಎಲ್ಲ ಒಂದೇ ಮನೆಯವು. ನಾವು ದಿನಾ ಹೇಳುವ ‘ಬೇಗ’ ಇದೇ ‘ವೇಗ’ದ ತದ್ಭವ. ಇಂಗ್ಲಿಷಿನ ‘ವೇಗ್’ಗೆ ಈ ಮನೆಯ ಕಡೆ ಸುಳಿದೇ ಗೊತ್ತಿಲ್ಲ. ಕಿವಿಗೆ ಒಂದೇ ಥರ ಕೇಳುತ್ತವೆ, ಅಷ್ಟೆ.

ಇಂಗ್ಲಿಷಿನಲ್ಲಿ ಅದನ್ನು ಬರೆಯುವ ರೀತಿ ಇನ್ನೊಂದು ತಲೆನೋವು. ವಿ, ಎ, ಜಿ, ಯು, ಇ ಎಂದು ಐದಕ್ಷರ. ಕೊನೆಯ ಯು ಮತ್ತು ಇ ಸುಮ್ನೆ ಬಾಗಿಲಲ್ಲಿ ನಿಂತಿರುತ್ತವೆ, ಬಾಯಿ ಬಿಡುವುದಿಲ್ಲ. ‘ಪ್ಲೇಗ್’, ‘ಲೀಗ್’ ಪದಗಳ ಕೊನೆಯಲ್ಲೂ ಇದೇ ಜೋಡಿ ಇದೆ. ಹೊಸದಾಗಿ ಓದುವ ಮಕ್ಕಳು ‘ವಾಗ್ಯೂ’ ಅನ್ನುವುದು ಇದರಿಂದಲೇ. ಒಂದಕ್ಷರ ಬದಲಾದರೆ ‘ವೋಗ್’ ಆಗುತ್ತದೆ, ಈಗ ನಡೆಯುತ್ತಿರುವ ಫ್ಯಾಷನ್ ಎಂದು ಅರ್ಥ. ಅದು ದೋಣಿಗೆ ಹುಟ್ಟು ಹಾಕುವ ಕಡೆಯಿಂದ ಬಂದ ಬೇರೆಯೇ ಪದ. ಅದನ್ನು ಇಲ್ಲಿಗೇ ಬಿಡೋಣ.

ಈಗ ಮೂಲಕ್ಕೆ ಬರೋಣ. ಲ್ಯಾಟಿನ್ ಭಾಷೆಯಲ್ಲಿ ‘ವಾಗುಸ್’ ಎಂಬ ಪದ ಇತ್ತು. ಅಲೆದಾಡುವ, ಒಂದು ಕಡೆ ನಿಲ್ಲದ, ಗೊತ್ತುಗುರಿ ಇಲ್ಲದೆ ತಿರುಗುವ ಎಂದು ಅರ್ಥ. ಕನ್ನಡದಲ್ಲಿ ಇದಕ್ಕೆ ಸರಿಯಾದ ಜೋಡಿ ಯಾವುದು ಅಂತ ನಾನು ಬಹಳ ದಿನ ಯೋಚಿಸಿದ್ದೇನೆ. ‘ಅಲೆಮಾರಿ’ ಪರವಾಗಿಲ್ಲ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ‘ಬೀಡಾಡಿ’. ರಸ್ತೆ ಮಧ್ಯೆ ಮಲಗಿ ಬಸ್ಸು ನಿಲ್ಲಿಸುವ ಬೀಡಾಡಿ ದನ ಇದೆಯಲ್ಲ, ಅದೇ. ಯಾರದು ಗೊತ್ತಿಲ್ಲ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಗೊತ್ತಿಲ್ಲ. ಹಾಗಂತ ಅದು ಕಾಣದೇ ಇರುವುದಿಲ್ಲ. ಎದುರಿಗೇ ಇದೆ, ಕಣ್ತುಂಬ ಕಾಣುತ್ತದೆ. ಗೂಟ ಮಾತ್ರ ಇಲ್ಲ. ಈ ಗೂಟವನ್ನು ನೆನಪಿಟ್ಟುಕೊಳ್ಳಿ. ಮುಂದೆ ನಿಮ್ಮ ದಾವೆಗೂ ಅದೇ ಬೇಕಾಗುತ್ತದೆ.

ಅಲೆದಾಟದ ಪದ ಮಾತಿಗೆ, ನೆನಪಿಗೆ ಹೇಗೆ ಅಂಟಿತು? ಪುಸ್ತಕಕ್ಕಿಂತ ಚೆನ್ನಾಗಿ ನನಗೆ ಇದನ್ನು ತಿಳಿಸಿದ್ದು ಚಳ್ಳಕೆರೆ ರಸ್ತೆಯಲ್ಲಿ ಸಿಕ್ಕ ಒಬ್ಬ ಕುರಿಗಾಹಿ. ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತಿತ್ತು. ಪಕ್ಕದ ಹೊಲದಲ್ಲಿ ಕುರಿ ಮಂದೆ. ಹೆಗಲ ಮೇಲೆ ಕರಿ ಕಂಬಳಿ, ಕಂಕುಳಲ್ಲಿ ಆಗಷ್ಟೇ ಹುಟ್ಟಿದ ಮರಿ. ಮರಿಯ ಮೈ ಇನ್ನೂ ಒದ್ದೆ ಇತ್ತು. ಹೊತ್ತು ಹೋಗಲಿ ಅಂತ ಮಾತಿಗೆಳೆದೆ.

“ಎಲ್ಲಿಂದ ಬಂದ್ರಿ ಯಜಮಾನ್ರೇ?”

“ಅತ್ಲಾಗಿಂದ.”

“ಎಲ್ಲಿಗೆ ಹೊಂಟ್ರಿ?”

“ಮೇವಿದ್ದ ಕಡೆಗೆ.”

“ನಾಳೆ ಎಲ್ಲಿರ್ತೀರಿ?”

ಆತ ನನ್ನ ಮುಖ ನೋಡಿದ. ಇದೆಂಥ ಪ್ರಶ್ನೆ ಅನ್ನುವ ಹಾಗೆ. “ಮಳೆ ಎಲ್ಲಿ ಬಿದ್ದೈತೋ ನೋಡ್ಬೇಕಲ್ಲ ಸ್ವಾಮಿ” ಅಂದ.

ಆತ ಹಾರಿಕೆ ಉತ್ತರ ಕೊಡಲಿಲ್ಲ. ನಿಜವನ್ನೇ ಹೇಳಿದ. ಒಂದು ಕಡೆ ನೆಲೆ ಇಲ್ಲದವನ ನಿಜ ಹಾಗೇ ಇರುತ್ತದೆ. ಕೇಳಿದ ನನಗೆ ಮಾತ್ರ ಏನೂ ಕೈಗೆ ಸಿಕ್ಕಲಿಲ್ಲ. ‘ವಾಗುಸ್’ ಪದದ ಪ್ರಯಾಣವೂ ಹೀಗೆಯೇ. ಮೊದಲು ಅಲೆಯುವ ಮನುಷ್ಯನಿಗೆ, ಅಲೆಯುವ ಪ್ರಾಣಿಗೆ ಹೇಳುತ್ತಿದ್ದರು. ಆಮೇಲೆ ಒಂದು ಕಡೆ ನಿಲ್ಲದ ಮನಸ್ಸಿಗೂ ಹೇಳಿದರು. ಲ್ಯಾಟಿನ್ನಿನಲ್ಲೇ ‘ಖಚಿತವಲ್ಲದ’ ಎಂಬ ಅರ್ಥ ಅಂಟಿಕೊಂಡಿತ್ತು. ಫ್ರೆಂಚಿನ ಮೂಲಕ 16ನೇ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂದಾಗ ಕಾಲು ಸವೆದು ಮಾತು ಉಳಿದಿತ್ತು. ಈಗ ಇಂಗ್ಲಿಷರಿಗೆ ‘ವೇಗ್’ ಅಂದರೆ ಅಲೆದಾಟ ನೆನಪಾಗುವುದೇ ಇಲ್ಲ.

ಆದರೆ ನೆಂಟರಿಷ್ಟರನ್ನು ನೋಡಿದರೆ ಹಳೇ ಕಸುಬು ಗೊತ್ತಾಗುತ್ತದೆ. ‘ವ್ಯಾಗಬಾಂಡ್’ ಅಂದರೆ ಊರೂರು ತಿರುಗುವವನು. ‘ಎಕ್ಸ್ಟ್ರಾವಗೆಂಟ್’ ಅಂದರೆ ಈಗ ದುಂದುಗಾರ. ಮೂಲದಲ್ಲಿ ಎಲ್ಲೆ ದಾಟಿ ಅಲೆಯುವವನು. ಬೇಲಿ ಹಾರಿ ಪಕ್ಕದ ಹೊಲಕ್ಕೆ ಬಾಯಿ ಹಾಕುವ ಎಮ್ಮೆ ಅಂತ ಇಟ್ಟುಕೊಳ್ಳಿ.

ಇನ್ನೊಬ್ಬ ನೆಂಟ ನಮ್ಮೆಲ್ಲರ ಮೈಯೊಳಗೇ ಇದ್ದಾನೆ. ವೇಗಸ್ ನರ. ದಾವಣಗೆರೆಯಲ್ಲಿ ಮೆಡಿಕಲ್ ಓದುವ ಯಾವ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಮೆದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಇದು 10ನೆಯದು. ಉಳಿದವು ಹೆಚ್ಚು ಕಡಿಮೆ ತಲೆ, ಮುಖ, ಕತ್ತಿನ ಆಸುಪಾಸಿನಲ್ಲೇ ಇರುತ್ತವೆ. ಇದೊಂದು ಮಾತ್ರ ಗಂಟಲು, ಎದೆ, ಹೃದಯ, ಶ್ವಾಸಕೋಶ ಎಲ್ಲ ಮುಟ್ಟಿಕೊಂಡು ಹೊಟ್ಟೆವರೆಗೆ ತಿರುಗಾಡಿಕೊಂಡು ಬರುತ್ತದೆ. ಅದಕ್ಕೇ ಅಲೆಮಾರಿ ನರ ಎಂದು ಹೆಸರಿಟ್ಟರು. ತಮಾಷೆ ಏನು ಗೊತ್ತಾ? ಹೆಸರು ‘ವೇಗಸ್’, ಕೆಲಸ ಮಾತ್ರ ಹೃದಯದ ಬಡಿತವನ್ನು ನಿಧಾನ ಮಾಡುವುದು. 1921ರಲ್ಲಿ ಓಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯಕ್ಕೆ ಹೋಗುವ ಈ ನರವನ್ನು ಕೆಣಕಿದ. ಬಡಿತ ನಿಧಾನ ಆಯಿತು. ಆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರೆ ಅದೂ ನಿಧಾನ ಆಯಿತು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ತೋರಿಸಿದ ಈ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು. ಅಂದರೆ ‘ವೇಗ್’ ಕುಟುಂಬಕ್ಕೂ ಸ್ಪೀಡಿಗೂ ಎಣ್ಣೆ ಸೀಗೇಕಾಯಿ ಸಂಬಂಧ.

ಫ್ರೆಂಚರು ಈ ಪದಕ್ಕೆ ಇನ್ನೊಂದು ಬಣ್ಣ ಬಳಿದರು. ಅವರಲ್ಲಿ ಅದು ಖಾಲಿ ಎಂಬ ಅರ್ಥದ ಇನ್ನೊಂದು ಲ್ಯಾಟಿನ್ ಪದದ ಜೊತೆ ಬೆರೆತುಹೋಯಿತು. ಹಾಗಾಗಿ ಊರಂಚಿನಲ್ಲಿ ಉಳುಮೆಯೂ ಇಲ್ಲದೆ, ಮನೆಯೂ ಏಳದೆ ಪಾಳು ಬಿದ್ದ ಜಾಗಕ್ಕೂ ಅವರು ‘ವಾಗ್’ ಅನ್ನುತ್ತಾರೆ. ಹುಡುಗರು ಕ್ರಿಕೆಟ್ ಆಡುವ, ಕಸ ಸುರಿಯುವ, ಲಾರಿ ನಿಲ್ಲಿಸುವ ಖಾಲಿ ಸೈಟು ಇರುತ್ತದಲ್ಲ, ಅದು.

ಫ್ರೆಂಚಿನಲ್ಲಿ ನೀರಿನ ಅಲೆಗೂ ‘ವಾಗ್’ ಎಂದೇ ಹೆಸರು. ಅಲೆ, ಅಲೆದಾಟ ಎರಡೂ ಒಂದೇ ಮೂಲ ಅಂತ ನಾನೂ ಬಹಳ ದಿನ ನಂಬಿದ್ದೆ. ತಪ್ಪು. ಅಲೆಯ ‘ವಾಗ್’ ಉತ್ತರ ಯುರೋಪಿನ ಭಾಷೆಗಳ ಕಡೆಯಿಂದ ಬಂದದ್ದು, ಲ್ಯಾಟಿನ್ನಿಗೆ ಸಂಬಂಧ ಇಲ್ಲ. ಆದರೆ ಕನ್ನಡ ನೋಡಿ. ನಮ್ಮಲ್ಲಿ ಸಮುದ್ರದ ‘ಅಲೆ’, ಊರೂರು ‘ಅಲೆ’ ಎರಡೂ ನಿಜವಾಗಿಯೂ ಒಂದೇ ಬೇರಿನವು. ಅಲ್ಲಾಡು, ಅಲುಗು ಎಲ್ಲ ಅಲ್ಲೇ ಸುತ್ತಮುತ್ತ. ಅಲ್ಲಿ ಆಕಸ್ಮಿಕವಾಗಿ ಕೂಡಿದ್ದು ಇಲ್ಲಿ ಹುಟ್ಟಿನಿಂದಲೇ ಕೂಡಿದೆ. ಇಟಲಿಯವರಂತೂ ‘ವಾಗೊ’ ಎಂಬ ಪದವನ್ನು ಮಸುಕು ಅನ್ನುವುದಕ್ಕೂ ಬಳಸುತ್ತಾರೆ, ಚೆಲುವು ಅನ್ನುವುದಕ್ಕೂ ಬಳಸುತ್ತಾರೆ. ಮಳೆಗಾಲದ ಬೆಳಿಗ್ಗೆ ಜೋಗಿಮಟ್ಟಿಯಲ್ಲಿ ಮಂಜು ಕವಿದಾಗ ನಿಂತು ನೋಡಿದವರಿಗೆ ಇದು ವಿಚಿತ್ರ ಅನ್ನಿಸಲಾರದು.

ಇನ್ನು ಬಾಲ. ‘ವೇಗ್’ಗೆ ಅಂಟಿರುವ ‘ಲಿ’ ಏನು? ಹಳೆಯ ಇಂಗ್ಲಿಷಿನಲ್ಲಿ ‘ಲಿಚ್’ ಎನ್ನುವ ಪದಕ್ಕೆ ಮೈ, ದೇಹ ಎಂದು ಅರ್ಥ. ಆಮೇಲೆ ಹೆಣಕ್ಕೂ ಅದೇ ಪದ. ಇಂಗ್ಲೆಂಡಿನ ಹಳೇ ಚರ್ಚುಗಳಲ್ಲಿ ಹೆಣ ಇಳಿಸಿ ಪಾದ್ರಿಗೆ ಕಾಯುತ್ತಿದ್ದ, ಛಾವಣಿ ಹಾಕಿದ ಗೇಟಿಗೆ ಇವತ್ತಿಗೂ ‘ಲಿಚ್ ಗೇಟ್’ ಅನ್ನುತ್ತಾರೆ. ‘ಅಂಥ ಮೈಯುಳ್ಳ’ ಎನ್ನುವುದು ‘ಅಂಥ ರೀತಿಯ’ ಆಗಿ, ಕೊನೆಗೆ ‘ಆ ರೀತಿಯಲ್ಲಿ’ ಎಂದು ಸವೆದು ಬರೀ ‘ಲಿ’ ಉಳಿಯಿತು. ನಮ್ಮ ‘ಆಗಿ’ ಕೂಡ ಹಾಗೆಯೇ. ಸುಮ್ಮನೆ ಅಂಟಿಸುವ ಪ್ರತ್ಯಯ ಅನ್ನಿಸುತ್ತದೆ, ನೋಡಿದರೆ ‘ಆಗು’ ಎಂಬ ಪೂರ್ತಿ ಕ್ರಿಯಾಪದ ಒಳಗೆ ಕೂತಿದೆ.

ಇಷ್ಟು ಹೊತ್ತಿಗೆ ನಿಮ್ಮ ವಕೀಲರ ‘ಅಸ್ಪಷ್ಟವಾಗಿ’ ಯಾಕೆ ಎಲ್ಲ ಕಡೆ ಹೊಂದುವುದಿಲ್ಲ ಎನ್ನುವುದು ಹೊಳೆದಿರಬಹುದು. ‘ಸ್ಪಷ್ಟ’ ಎನ್ನುವುದು ನೋಡುವುದಕ್ಕೆ ಸಂಬಂಧಿಸಿದ ಪದ. ‘ಸ್ಪಶ್’ ಅಂದರೆ ನೋಡು. ಸ್ಪಷ್ಟ ಎಂದರೆ ಚೆನ್ನಾಗಿ ಕಂಡದ್ದು. ಅಸ್ಪಷ್ಟ ಎಂದರೆ ಕಾಣದ್ದು. ಅಂದರೆ ಸಂಸ್ಕೃತದ ಪದ ಕಣ್ಣಿನ ತೊಂದರೆ ಹೇಳುತ್ತದೆ. ಇಂಗ್ಲಿಷಿನ ಪದ ಗೂಟದ ತೊಂದರೆ ಹೇಳುತ್ತದೆ. ಹಳೇ ಫೋಟೋ, ಕೆಟ್ಟ ಝೆರಾಕ್ಸ್, ಫೋನಿನಲ್ಲಿ ಕತ್ತರಿಸಿ ಕತ್ತರಿಸಿ ಬರುವ ದನಿ ಅಸ್ಪಷ್ಟ. ದೊಡ್ಡ ದನಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಸಿ “ನೋಡೋಣ, ಮಾಡೋಣ, ಆಗುತ್ತೆ” ಅನ್ನುವ ಮಾತಿದೆಯಲ್ಲ, ಅದು ಕಿವಿಗೆ ಬಹಳ ಸ್ಪಷ್ಟ. ಆದರೂ ವೇಗ್. ಎಲ್ಲ ಕಡೆ ‘ಅಸ್ಪಷ್ಟವಾಗಿ’ ಎಂದು ಒತ್ತುವುದು ಅನುವಾದದ ಸೋಮಾರಿತನ ಎಂದೇ ನನ್ನ ಅಭಿಪ್ರಾಯ. ನಾನೂ ಈ ಸೋಮಾರಿತನ ಬೇಕಾದಷ್ಟು ಮಾಡಿದ್ದೇನೆ ಅನ್ನಿ.

ಹಾಗಾದರೆ ಕನ್ನಡ ಇದನ್ನು ಹೇಗೆ ಹೇಳುತ್ತದೆ? ಬಹಳ ಸಲ ಒಂದೇ ಒಂದು ಸ್ವರದಲ್ಲಿ. ‘ಓ’.

ಯಾರು ಬಂದರು? ಪ್ರಶ್ನೆ. ಯಾರೋ ಬಂದರು. ವೇಗ್. ಎಲ್ಲಿ, ಎಲ್ಲೋ. ಯಾವಾಗ, ಯಾವಾಗಲೋ. ಏನು, ಏನೋ. ಹೇಗೆ, ಹೇಗೋ. ಗೂಟಕ್ಕೆ ಕಟ್ಟಿದ ಹಸುವಿನ ಕಣ್ಣಿ ಬಿಚ್ಚಿದ ಹಾಗೆ, ಪ್ರಶ್ನೆಯ ಪದದ ಕೊನೆಗೆ ‘ಓ’ ಹಾಕಿದ ತಕ್ಷಣ ಅದು ಮೇಯಲು ಹೊರಡುತ್ತದೆ. ಇಂಗ್ಲಿಷಿನವರು ‘ಐ ವೇಗ್ಲಿ ರಿಮೆಂಬರ್’ ಅಂದರೆ ನಾವು ‘ಏನೋ ನೆನಪು’ ಅನ್ನುತ್ತೇವೆ. ಅವರು ‘ವೇಗ್ಲಿ ಅನ್ಹ್ಯಾಪಿ’ ಅಂದರೆ ನಾವು ‘ಏನೋ ಒಂಥರಾ ಬೇಜಾರು’ ಅನ್ನುತ್ತೇವೆ. ಇಲ್ಲಿ ವೇಗ್ಲಿಗೆ ‘ತುಸು, ಸ್ವಲ್ಪ’ ಎಂಬ ಛಾಯೆಯೂ ಇದೆ. ಬೇಜಾರು ದೊಡ್ಡದಲ್ಲ, ಕಾರಣವೂ ಕೈಗೆ ಸಿಗುತ್ತಿಲ್ಲ. ‘ಏನೋ ಒಂಥರಾ’ ಎರಡನ್ನೂ ಹೇಳುತ್ತದೆ. ‘ಅಸ್ಪಷ್ಟವಾಗಿ ಬೇಜಾರು’ ಅಂತ ಯಾರಾದರೂ ಹೇಳಿದರೆ ಡಾಕ್ಟರ ಹತ್ತಿರ ಕಳಿಸುತ್ತೇವೆ, ಅಲ್ವಾ?

ನಿಮ್ಮ ಮಗಳ ಪಾಠದ ಮುಖ ಕೂಡ ಇಲ್ಲಿಗೇ ಬರುತ್ತದೆ. ‘ವೇಗ್ಲಿ ಫೆಮಿಲಿಯರ್’ ಅಂದರೆ ‘ಎಲ್ಲೋ ನೋಡಿದ ಹಾಗಿದೆ’. ಮುಖ ಮಸುಕಲ್ಲ. ಎದುರಿಗೇ, ಬೆಳಕಲ್ಲೇ ಇದೆ. ಅದನ್ನು ಕಟ್ಟಬೇಕಾದ ಜಾಗ, ಹೆಸರು, ವರ್ಷ ಸಿಗುತ್ತಿಲ್ಲ. ಹೋದ ವರ್ಷ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಾ ಕೂತಿದ್ದೆ. ಎದುರು ಕೂತವರು ದೋಸೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. “ಗುರುತು ಸಿಕ್ತಾ ಸರ್?” ಅಂದರು. “ಎಲ್ಲೋ ನೋಡಿದ ಹಾಗಿದೆಯಪ್ಪಾ” ಅಂದೆ. “ಎಲ್ಲೋ ಅಲ್ಲ ಸರ್, ಎರಡನೇ ಬೆಂಚು, ಕಿಟಕಿ ಪಕ್ಕ” ಅಂದರು. ಅಷ್ಟು ಹೇಳಿದ್ದೇ ತಡ, ಹೆಸರೂ ಬಂತು, ಅವರ ತಂದೆ ತರುತ್ತಿದ್ದ ಸೀತಾಫಲವೂ ನೆನಪಾಯಿತು.

‘ವೇಗ್ಲಿ ನಕ್ಕಳು’ ಎನ್ನುವುದು ಇನ್ನೊಂದು ಥರ. ಅಲ್ಲಿ ಮನಸ್ಸು ಬೇರೆಲ್ಲೋ ಇದೆ. ‘ಎಲ್ಲೋ ನೋಡುತ್ತಾ ನಕ್ಕಳು’, ‘ನಕ್ಕ ಹಾಗೆ ಮಾಡಿದಳು’ ಅನ್ನಬಹುದು. ದಾರಿ ಕೇಳಿದಾಗ ಕೈಯನ್ನು ಅರ್ಧ ಆಕಾಶಕ್ಕೆ ಬೀಸಿ “ಅಲ್ಲೇ ಹೋಗ್ರಿ” ಅನ್ನುವವರದ್ದು ವೇಗ್ಲಿ ತೋರಿಸುವುದು. ಮನುಷ್ಯನ ಆಕಾರವನ್ನು ‘ವೇಗ್ಲಿ’ ಹೋಲುವ ಬಂಡೆ ಅಂದರೆ ‘ಮನುಷ್ಯ ಕೂತ ಹಾಗೆ ಕಾಣುವ ಬಂಡೆ’. ದುರ್ಗದ ಬಂಡೆಗಳಲ್ಲಿ ಒಂದಲ್ಲ ಒಂದು ಪ್ರಾಣಿ ಕಾಣದವರು ಯಾರಿದ್ದಾರೆ?

ಕನ್ನಡದ ಹತ್ತಿರ ಇನ್ನೂ ಕೆಲವು ಉಪಾಯಗಳಿವೆ. ಮೊದಲಕ್ಷರದ ಜಾಗದಲ್ಲಿ ‘ಗಿ’ ಹಾಕಿ ಅದೇ ಪದವನ್ನು ಮತ್ತೆ ಹೇಳುವುದು ಒಂದು. ಕಾಫಿ ಗೀಫಿ, ಕೋರ್ಟು ಗೀರ್ಟು, ಸಾಲ ಗೀಲ. ಕಾಫಿಯೇ ಆಗಬೇಕೆಂದಿಲ್ಲ, ಆ ಜಾತಿಯದ್ದು ಏನಾದರೂ ನಡೆಯುತ್ತದೆ ಎಂದು ಅರ್ಥ. ಇಂಗ್ಲಿಷಿಗೆ ಇಷ್ಟು ಚುರುಕಾಗಿ ಬಾರದು. ಇನ್ನೊಂದು ಉಪಾಯ ಅಂಕಿ ಜೋಡಿಸುವುದು. ನಾಲ್ಕೈದು ಜನ, ಹತ್ತಿಪ್ಪತ್ತು ರೂಪಾಯಿ. ‘ಹತ್ತಾರು’ ಪದವನ್ನು ಬಿಡಿಸಿದರೆ ಹತ್ತು, ಆರು. ಆದರೆ ಹತ್ತಾರು ಸಲ ಹೇಳಿದೆ ಅಂದರೆ ಯಾರೂ 16 ಸಲ ಅಂತ ಲೆಕ್ಕ ಹಾಕುವುದಿಲ್ಲ. ನೂರಾರು ಜನ ಅಂದರೆ 106 ಅಲ್ಲ. ನನಗೆ ಬಹಳ ನಗು ತರಿಸುವುದು ‘ಸುಮಾರು’. ಪಾರ್ಸಿ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಎಣಿಕೆ ಎಂದು ಅರ್ಥ. ಎಣಿಸುವುದಕ್ಕಿದ್ದ ಪದವನ್ನು ತಂದು ನಾವು ಎಣಿಸದೇ ಇರುವುದಕ್ಕೆ ಇಟ್ಟುಕೊಂಡೆವು. ಈಗ “ಊಟ ಹೇಗಿತ್ತು?” ಅಂದರೂ “ಸುಮಾರು” ಅನ್ನುತ್ತೇವೆ.

ಹಾಗಂತ ಅಂದಾಜು ಹೇಳಿದ್ದೆಲ್ಲ ವೇಗ್ ಅಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದರಲ್ಲಿ ರಾಜ, ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು ಎಂದು ಹೇಳಿಕೊಳ್ಳುತ್ತಾನೆ. ಲೆಕ್ಕ ಸ್ವಲ್ಪ ಸಡಿಲ, ನಿಜ. ಆದರೆ ಗೂಟ ಇದೆ. ಎರಡೂವರೆಯ ಈಚೆಗೆ ಬರುವಂತಿಲ್ಲ. ‘ಬಹಳ ಹಿಂದೆಯೇ ಉಪಾಸಕನಾದೆ’ ಅಂದಿದ್ದರೆ ಅದು ವೇಗ್.

ಗೂಟ ಎಷ್ಟು ಬಿಗಿ ಇರಬೇಕು ಎನ್ನುವುದೂ ಸುಲಭದ ಪ್ರಶ್ನೆ ಅಲ್ಲ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ತರ್ಕಗಾರ ಯೂಬ್ಯುಲಿಡೀಸ್ ಹೆಸರಿನಲ್ಲಿ ಕಾಳಿನ ರಾಶಿಯ ಒಗಟು ಇದೆ. ನಿಮ್ಮೂರಿನ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿ ನೋಡಿರುತ್ತೀರಿ. ಒಂದು ಕಾಳು ತೆಗೆಯಿರಿ. ಈಗಲೂ ರಾಶಿಯೇ. ಇನ್ನೊಂದು ತೆಗೆಯಿರಿ. ರಾಶಿಯೇ. ಹೀಗೇ ತೆಗೆಯುತ್ತಾ ಹೋದರೆ ಕೊನೆಗೆ ಮೂರು ಕಾಳು ಉಳಿಯುತ್ತವೆ. ಅದು ರಾಶಿ ಅಲ್ಲ. ಹಾಗಾದರೆ ಯಾವ ಕಾಳು ತೆಗೆದಾಗ ರಾಶಿ ಹೋಯಿತು? ನಾನು ಇದನ್ನು ಹಮಾಲಿ ಮಾಡುವ ಒಬ್ಬರಿಗೆ ಕೇಳಿದ್ದೆ. “ತೂಕಕ್ಕೆ ಹಾಕ್ರಿ ಸಾರ್, ಗೊತ್ತಾಗ್ತೈತಿ” ಅಂದರು. ತತ್ವಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಬರ್ಟ್ರಂಡ್ ರಸೆಲ್ 1923ರಲ್ಲಿ ಈ ಅನಿಶ್ಚಿತತೆಯ ಬಗ್ಗೆಯೇ ಒಂದು ಲೇಖನ ಬರೆದ. ವೇಗ್ ಆಗಿರುವುದು ಭಾಷೆ, ಪ್ರಪಂಚ ಅಲ್ಲ ಎನ್ನುವುದು ಅವನ ವಾದ. ಪ್ರಪಂಚದಲ್ಲಿ ಕಾಳುಗಳಿವೆ, ‘ರಾಶಿ’ ನಾವು ಇಟ್ಟ ಹೆಸರು.

ಈಗ ನಿಮ್ಮ ದಾವೆ. ಕೋರ್ಟಿನ ಕಾಗದದಲ್ಲಿ ‘ವೇಗ್ಲಿ’ ಬಂದರೆ ಅದು ಬರೀ ವರ್ಣನೆ ಅಲ್ಲ, ಆರೋಪ. ಎದುರು ಪಕ್ಷದವರು ಯಾವಾಗ, ಎಲ್ಲಿ, ಎಷ್ಟು, ಯಾರು ಎನ್ನುವುದನ್ನು ಹೇಳದೆ ತೇಲಿಸಿದ್ದಾರೆ ಎಂದು ದೂರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಈ ತೇಲಿಸುವುದನ್ನು ಹಲವು ಕಡೆ ತಡೆಯುತ್ತದೆ. ಮೋಸ, ಒತ್ತಡ, ನಂಬಿಕೆದ್ರೋಹ ಅಂತ ಹೇಳುವವರು ತಾರೀಖು, ಬಾಬ್ತು ಸಮೇತ ವಿವರ ಕೊಡಬೇಕು ಎನ್ನುತ್ತದೆ 6ನೇ ಆದೇಶದ 4ನೇ ನಿಯಮ. ಸ್ಥಿರಾಸ್ತಿಯಾದರೆ ಗುರುತಿಸಲು ಸಾಕಾಗುವಷ್ಟು ವಿವರ ವಾದಪತ್ರದಲ್ಲಿರಬೇಕು, ಎಲ್ಲೆ ಅಥವಾ ಸರ್ವೆ ನಂಬರಿನಿಂದ ಗುರುತಿಸಬಹುದಾದರೆ ಅವನ್ನು ಹಾಕಬೇಕು ಎನ್ನುತ್ತದೆ 7ನೇ ಆದೇಶದ 3ನೇ ನಿಯಮ. ನೀವು ದಿನಾ ಟೈಪ್ ಮಾಡುವ ಚಕ್ಕುಬಂದಿ ಇದೇ ಅಲ್ಲವೇ? ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಕಾವಲು. ನಾಲ್ಕು ದಿಕ್ಕಿಗೂ ನಾಲ್ಕು ಗೂಟ. ‘ವೇಗ್’ ಪದದ ನೇರ ವಿರುದ್ಧ ಪದ ಕೇಳಿದರೆ ನಾನು ಚಕ್ಕುಬಂದಿ ಅನ್ನುತ್ತೇನೆ.

ಉತ್ತರ ಕೊಡುವ ಪ್ರತಿವಾದಿಗೂ ಇದೇ ಕಟ್ಟು. 8ನೇ ಆದೇಶದ 4ನೇ ನಿಯಮ ಹಾರಿಕೆ ನಿರಾಕರಣೆ ಬೇಡ ಅನ್ನುತ್ತದೆ. ಅಲ್ಲಿರುವ ಉದಾಹರಣೆ ಬಹಳ ಚೆನ್ನಾಗಿದೆ. ಇಷ್ಟು ಹಣ ಪಡೆದಿದ್ದೀರಿ ಎಂದು ವಾದಿ ಹೇಳಿದರೆ, ‘ಅಷ್ಟು ಪಡೆದಿಲ್ಲ’ ಅಂದರೆ ಸಾಲದು. ಅದರಲ್ಲಿ ಒಂದಂಶವನ್ನೂ ಪಡೆದಿಲ್ಲ ಅನ್ನಬೇಕು, ಇಲ್ಲವೇ ಎಷ್ಟು ಪಡೆದೆ ಎಂದು ಹೇಳಬೇಕು. “ನಾನೆಲ್ಲಿ ಒಂದು ಲಕ್ಷ ಇಸ್ಕೊಂಡೆ?” ಅನ್ನುವವರ ಜೇಬಲ್ಲಿ ತೊಂಬತ್ತೊಂಬತ್ತು ಸಾವಿರ ಇರಬಹುದು ಎನ್ನುವುದು ಕಾನೂನು ಬರೆದವರಿಗೂ ಗೊತ್ತಿತ್ತು.

ಕಾನೂನೇ ವೇಗ್ ಆದರೆ? ಅದನ್ನೇ ಕೋರ್ಟು ಹೊಡೆದುಹಾಕಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ನೆನಪಿರಬೇಕು. ಇಂಟರ್ನೆಟ್ಟಿನಲ್ಲಿ ಕಿರಿಕಿರಿ, ಅನಾನುಕೂಲ ಮಾಡುವ ಸಂದೇಶ ಕಳಿಸಿದರೂ ಕೇಸು ಹಾಕಬಹುದಿತ್ತು. ಯಾರಿಗೆ ಎಷ್ಟು ಕಿರಿಕಿರಿ? ಒಬ್ಬರಿಗೆ ತಮಾಷೆ ಆದದ್ದು ಇನ್ನೊಬ್ಬರಿಗೆ ಉರಿ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನು ರದ್ದು ಮಾಡಿತು. ಪದಗಳಿಗೆ ಗೊತ್ತಾದ ಎಲ್ಲೆ ಇಲ್ಲ ಎನ್ನುವುದು ಮುಖ್ಯ ಕಾರಣಗಳಲ್ಲಿ ಒಂದು.

ಒಂದು ಎಚ್ಚರಿಕೆ. ‘ಆಂಬಿಗ್ಯುಯಸ್’ ಎಂಬ ಪದವೂ ನಿಮ್ಮ ಕಾಗದಗಳಲ್ಲಿ ಬರುತ್ತದೆ. ಎರಡನ್ನೂ ಅಸ್ಪಷ್ಟ ಎಂದು ಹಾಕಿದರೆ ಕೇಸು ಕೆಡಬಹುದು. ಅದು ಲ್ಯಾಟಿನ್ನಿನಲ್ಲಿ ‘ಎರಡು ಕಡೆಗೆ ಹೊಡೆ’ ಎಂಬುದರಿಂದ ಬಂದದ್ದು, ದನ ಹೊಡೆಯುವ ‘ಹೊಡೆ’. ಅದಕ್ಕೆ ನಮ್ಮಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎನ್ನುವ ಮಾತಿದೆ. ಬೆಳಕು ಈ ಕಡೆಗೂ ಬೀಳುತ್ತದೆ, ಆ ಕಡೆಗೂ ಬೀಳುತ್ತದೆ. ‘ನನ್ನ ಅಂಗಡಿಯನ್ನು ಮಗನಿಗೆ ಕೊಟ್ಟಿದ್ದೇನೆ’ ಎಂದು ಉಯಿಲು ಬರೆದವರಿಗೆ ಎರಡು ಅಂಗಡಿ ಇದ್ದರೆ ಅದು ಎರಡರ್ಥ. ‘ನನ್ನ ಆಸ್ತಿಯಲ್ಲಿ ಸ್ವಲ್ಪ ಮಗನಿಗೆ’ ಎಂದು ಬರೆದರೆ ಅದು ವೇಗ್. ಮೊದಲನೆಯದರಲ್ಲಿ ಎರಡರಲ್ಲಿ ಒಂದು ಅಂಗಡಿ ಯಾವುದೆಂದು ಹುಡುಕಿದರೆ ಮುಗಿಯಿತು. ಎರಡನೆಯದರಲ್ಲಿ ‘ಸ್ವಲ್ಪ’ ಎಷ್ಟೆಂದು ಅಣ್ಣತಮ್ಮಂದಿರು ಇಪ್ಪತ್ತು ವರ್ಷ ನಿಮ್ಮ ಅಂಗಡಿಗೆ ಓಡಾಡುತ್ತಾರೆ. ನಿಮಗೆ ವ್ಯಾಪಾರ ಅನ್ನಿ.

ನಿಮ್ಮ ಸಾಲನ್ನು ನಾನಾದರೆ ಹೀಗೆ ಟೈಪ್ ಮಾಡುತ್ತಿದ್ದೆ: ‘ವಾದಿಯು ದಿನಾಂಕ, ಸ್ಥಳ, ಮೊತ್ತ ಯಾವುದರ ವಿವರವನ್ನೂ ಕೊಡದೆ ಮೇಲುಮೇಲಕ್ಕೆ ಹೇಳಿದ್ದಾರೆ.’ ಉದ್ದ ಆಯಿತು ಅಂದರೆ, ‘ನಿರ್ದಿಷ್ಟ ವಿವರಗಳಿಲ್ಲದೆ ಹೇಳಿದ್ದಾರೆ’ ಸಾಕು. ಕೋರ್ಟಿನ ಭಾಷೆಗೂ ಒಗ್ಗುತ್ತದೆ. ವಕೀಲರು ಮತ್ತೆ ‘ಅಸ್ಪಷ್ಟವಾಗಿ’ ಎಂದು ತಿದ್ದಿದರೆ ವಾದಪತ್ರವನ್ನು ಅವರ ಮುಂದಿಟ್ಟು, ಯಾವ ಅಕ್ಷರ ಕಾಣುತ್ತಿಲ್ಲ ಸರ್ ಎಂದು ಒಮ್ಮೆ ಕೇಳಿ ನೋಡಿ.